ಗೋಡೆಯಾಚೆಯ ಹ್ಯಾಪಿ

ಮೊನ್ನೆ ಯಾತ್ರೆಗೆ ಬಂದವರು ಮಠದಲ್ಲಿ ಒಂದು ಗಂಟು ಖಡಕ್ ಜೋಳದ ರೊಟ್ಟಿ ಬಿಟ್ಟುಹೋದರು. ಅರಿವೆ ಬಿಚ್ಚಿದ್ದೇ ತಡ, ಆ ವಾಸನೆಗೆ ಪಕ್ಕದ ಕೋಣೆಯ ಅಕ್ಕ ಎದ್ದು ಬಂದಂತಾಯಿತು. ಆಕೆ ಸತ್ತು ಬಹಳ ದಿನವಾಯಿತು.

ನಾವಿಬ್ಬರೂ ಗಂಡ ತೀರಿಹೋದ ಮೇಲೆ ಸಾಯಲೆಂದೇ ಕಾಶಿಗೆ ಬಂದವರು. ನನಗೆ ಇಲ್ಲಿ ಹಿಡಿಸಿತು, ಆಕೆಗೆ ಹಿಡಿಸಲಿಲ್ಲ. ಗೋದೌಲಿಯಾ ಚೌಕದ ನೂಕುನುಗ್ಗಲು, ಗಲ್ಲಿಯಲ್ಲಿ ದಾರಿ ಬಿಡದ ಗೂಳಿ, ತಿಳಿಯದ ಹಿಂದಿ... ಮಗಳ ಮನೆಗೆ ಹೋಗಬೇಕೆಂದು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ತೆಳು ಗೋಡೆ, ಎಲ್ಲ ಕೇಳುತ್ತಿತ್ತು. ಆದರೆ ಹಟ ಹಿಡಿದು, ಊರಿಗೆಲ್ಲ ಊಟ ಹಾಕಿಸಿ ಹೊರಟು ಬಂದವಳು. ಯಾವ ಮುಖ ಹೊತ್ತು ವಾಪಸು ಹೋಗುವುದು?

ಸಂಜೆ ಮಗಳ ಫೋನು ಬರುತ್ತಿತ್ತು. ಅಕ್ಕನಿಗೆ ಕಿವಿ ಮಂದ, ಸ್ಪೀಕರ್ ಹಾಕುತ್ತಿದ್ದಳು. "ಅವ್ವಾ, ಹ್ಯಾಪಿ ಇದ್ದೀಯಲ್ಲ?" ಈಕೆ ಮೂಗು ಒರೆಸಿಕೊಂಡು, "ಹ್ಯಾಪಿ, ಹ್ಯಾಪಿ" ಅನ್ನುತ್ತಿದ್ದಳು.

ಒಂದು ದಿನ ಕೇಳಿಯೇಬಿಟ್ಟೆ. "ಕಾಶ್ಯಾಗ ಕುಂತು ಸುಳ್ಳು ಹೇಳ್ತೀಯಲ್ಲ, ಈ ಪಾಪ ಎಲ್ಲಿ ತೊಳೀತಿ?"

"ಸುಳ್ಳು ಎಲ್ಲೈತಿ? ಸುಖದಾಗ ಅದೀನಿ ಅಂದ್ರ ಸುಳ್ಳು. ಇದು ಇಂಗ್ಲಿಷ್. ವಿಶ್ವನಾಥಗ ಏನು ತಿಳೀತೈತಿ?"

"ಅವನ ಗುಡಿಗೆ ದಿನಾ ಫಾರಿನ್ನಿನವರು ಬರ್ತಾರ. ಇಷ್ಟೊತ್ತಿಗೆ ಕಲತಿರ್ತಾನ."

ನಕ್ಕಳು. ಆಕೆ ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ. ನಾನೇ ನಿನ್ನ ಮಗಳಿಗೆ ಹೇಳುತ್ತೇನೆ ಅಂದರೆ ಕೈ ಹಿಡಿದು ಆಣೆ ಮಾಡಿಸಿಕೊಂಡಳು.

ಚಳಿಯಲ್ಲಿ ಜ್ವರ ಬಂತು. ಮಗಳಿಗೆ ಅದನ್ನೂ ಹೇಳಲಿಲ್ಲ. ಒಂದು ಸಂಜೆ ಫೋನಿನಲ್ಲಿ ಅದೇ ಮಾತು ಅಂದು ಮಲಗಿದವಳು ಬೆಳಿಗ್ಗೆ ಏಳಲಿಲ್ಲ.

ಸುದ್ದಿ ತಿಳಿದು ಬಂದ ಮಗಳು ಮಣಿಕರ್ಣಿಕಾ ಘಾಟಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು. "ಅವ್ವ ಇಲ್ಲಿ ಸುಖದಾಗ ಇದ್ದಳಲ್ಲ ಚಿಗವ್ವ?"

ಆಣೆ ಹಾಕಿಸಿಕೊಂಡವಳು ಎದುರಿಗೇ ಉರಿಯುತ್ತಿದ್ದಳು. ಇನ್ನು ಯಾರ ಆಣೆ?

"ಇಲ್ಲವ್ವ. ನಿನ್ನ ಮನಿಗೆ ಬರಬೇಕಂತ ಅಳ್ತಿದ್ದಳು."

ಅವಳು ಅಳಲಿಲ್ಲ. "ಒಂದು ಮಾತು ಅಂದಿದ್ರ ಬಂದು ಕರ್ಕೊಂಡು ಹೋಗ್ತಿದ್ದೆ," ಅಂದಳು. ಬೆಂಕಿ ಆರುವ ತನಕ ಕೂತಿದ್ದು ಎದ್ದು ಹೋದಳು. ಆಮೇಲೆ ಕಾಶಿಗೆ ಬರಲೇ ಇಲ್ಲ.

ಈಗ ಆ ಕೋಣೆಗೆ ಬೀಗ. ಆದರೂ ಸಂಜೆಯಾದರೆ ಗೋಡೆಯಾಚೆ ಆ ಇಂಗ್ಲಿಷ್ ಮಾತು ಕೇಳಿಸುತ್ತದೆ. ಮುದುಕಿಯ ಕಿವಿ ಅನ್ನಿ, ಏನಾದರೂ ಅನ್ನಿ... ನಾನು ಗೋಡೆ ತಟ್ಟಿ, "ಕನ್ನಡದಾಗ ಹೇಳ ಅಕ್ಕಾ, ಬಂದು ಕರ್ಕೊಂಡು ಹೋಗ್ತಾಳ" ಅನ್ನುತ್ತೇನೆ.

ಆಚೆ ಸದ್ದು ನಿಂತುಹೋಗುತ್ತದೆ.