ಟಿವಿ ಮನೆ ಆಂಟಿ ಹೇಳಿದ ಹಿಂದಿ ಕತೆ

ಟಿವಿ ಮನೆ ಆಂಟಿಯ ಕುತ್ತಿಗೆಯಲ್ಲಿ ಸದಾ ಒಂದು ಹಳದಿ ಅಳತೆಟೇಪು ನೇತಾಡುತ್ತಿತ್ತು. ಮೊದಲ ಎರಡು ಇಂಚಿನ ಅಂಕಿಗಳು ಸವೆದು ಅಳಿಸಿಹೋಗಿದ್ದವು. ಅವರು ಹುಡುಗಿಯರ ಸ್ಕೂಲೊಂದರಲ್ಲಿ ಹೊಲಿಗೆ ಟೀಚರು, ಮನೆಯಲ್ಲೂ ಬ್ಲೌಸು, ಲಂಗ ಹೊಲಿದುಕೊಡುತ್ತಿದ್ದರು. ಭಾನುವಾರ ಮಾತ್ರ ಮಿಷನ್ನಿಗೆ ಬಟ್ಟೆ ಮುಚ್ಚಿ, ಚರ್ಚಿನಲ್ಲಿ ಆರು ಗಂಟೆಯ ಪೂಜೆ ಮುಗಿಸಿ ಬಂದು, ಟಿವಿಯ ಪಕ್ಕ ನಿಲ್ಲುತ್ತಿದ್ದರು. ಟೇಪಿನ ತುದಿಯಿಂದ ತೆರೆಯ ಮೇಲಿನ ಒಬ್ಬೊಬ್ಬರನ್ನೇ ತೋರಿಸಿ, "ಇವನು ಸೋದರಮಾವ, ಬಂಗಾರದಂಥ ಮನುಷ್ಯ. ಇವಳು ಕಿರಿ ಸೊಸೆ, ಬಾಯಿ ಸ್ವಲ್ಪ ಜೋರು" ಎಂದು ನಮಗೆ ಪರಿಚಯ ಮಾಡಿಸುತ್ತಿದ್ದರು.

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಒಂಬತ್ತು ಮನೆ, ಒಂದೇ ಟಿವಿ. ಅದೂ ಕಪ್ಪು ಬಿಳುಪಿನದು. ಭಾನುವಾರ ಬೆಳಗ್ಗೆ ಬರುತ್ತಿದ್ದ ಆ ಹಿಂದಿ ಧಾರಾವಾಹಿಗೆ ಮಕ್ಕಳು, ಹೆಂಗಸರು, ಮೂಲೆಮನೆಯ ಮೇಷ್ಟ್ರು ಎಲ್ಲರೂ ಆಂಟಿಯ ಹಜಾರದಲ್ಲಿ ಹಾಜರು. ನಮಗೆ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಆಂಟಿಯ ಗಂಡ ರೈಲ್ವೆಯಲ್ಲಿದ್ದವರು, ಆಂಟಿಯೂ ಅವರ ಜೊತೆ ಉತ್ತರದ ಕಡೆ ಆರು ವರ್ಷ ಇದ್ದು ಬಂದವರು. ಆರು ವರ್ಷ ಅಲ್ಲಿದ್ದವರಿಗೆ ಹಿಂದಿ ಬರದೇ ಇರುತ್ತದೆಯೇ ಎಂದು ವಠಾರವೇ ತೀರ್ಮಾನಿಸಿಬಿಟ್ಟಿತ್ತು. ಆಂಟಿ ಹೇಳಿದ್ದೇ ಕತೆ. ಹಿರಿ ಸೊಸೆಗೆ ಮಕ್ಕಳಾಗಲಿಲ್ಲವೆಂದು ಆಂಟಿ ಹೇಳಿದಾಗ ನಮ್ಮಮ್ಮ ಬಸವನಗುಡಿಯ ದೊಡ್ಡ ಗಣಪತಿಗೆ ತುಪ್ಪದ ದೀಪ ಹಚ್ಚಿ ಬಂದಿದ್ದಳು. ಮುಂದೊಂದು ಭಾನುವಾರ ತೆರೆಯ ಮೇಲೆ ಮಗು ಕಾಣಿಸಿದಾಗ ವಠಾರಕ್ಕೆಲ್ಲ ಸಕ್ಕರೆ ಹಂಚಿದ್ದಳು.

ನನಗೆ ಏಳು ವರ್ಷವಾಗಿದ್ದಾಗ, ನವೆಂಬರ್ ಕೊನೆಯಲ್ಲಿ ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಯಿತು. ಅದು ನಂಜಾಗಿ ಅವಳು ಆಸ್ಪತ್ರೆಯಲ್ಲೇ ಉಳಿದಳು. ಮಕ್ಕಳನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಮಲ್ಲೇಶ್ವರದ ದೊಡ್ಡಪ್ಪನ ಮನೆಯಿಂದ ಅಜ್ಜಿ ಬಂದು ಅಡುಗೆ ನೋಡಿಕೊಂಡರು. ಸರಿಯಾಗಿ ಅದೇ ವಾರ ಧಾರಾವಾಹಿಯ ತಾಯಿಯೂ ಹಾಸಿಗೆ ಹಿಡಿದಳು. ನನ್ನ ತಲೆಯಲ್ಲಿ ಇಬ್ಬರೂ ಒಂದೇ ಆಗಿಬಿಟ್ಟರು. ಅವಳು ಎದ್ದರೆ ಇವಳೂ ಎದ್ದಾಳು ಎಂದು ನಾನೇ ಒಂದು ನೇಮ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ.

ಕ್ರಿಸ್‌ಮಸ್ಸಿಗೆ ಆಂಟಿಯ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಡಿ ಮನೆಗಳ ಮಕ್ಕಳಿಗೆಂದೇ ಬೇರೆ ಬಾಣಲೆಯಲ್ಲಿ, ಮೊಟ್ಟೆ ಹಾಕದೆ ಹೂವಿನ ಆಕಾರದ ಅಚ್ಚಪ್ಪ ಕರಿಯುತ್ತಿದ್ದರು. ಅದನ್ನು ತೆಗೆದುಕೊಳ್ಳುವ ಮುಂಚೆ ಪ್ರತಿಯೊಬ್ಬರೂ ಅವರ ಕಿವಿಯಲ್ಲಿ ಒಂದು ಆಸೆ ಹೇಳಬೇಕು. ಅವರು ಗೋದಲಿಯ ಹುಲ್ಲಿನ ಮೇಲೆ ಮಲಗಿದ್ದ ಬಾಲಯೇಸುವಿಗೆ ಅದನ್ನು ತಲುಪಿಸುತ್ತಾರೆ. ಹುಡುಗರು ಬ್ಯಾಟು, ಸೈಕಲ್ಲು ಎನ್ನುತ್ತಿದ್ದರು. ಆ ವರ್ಷ ನಾನು, "ಟಿವಿಯಲ್ಲಿರೋ ಅಮ್ಮಂಗೆ ವಾಸಿ ಆಗ್ಬೇಕು" ಎಂದೆ.

ಆಂಟಿ ಬಗ್ಗಿ ನನ್ನ ಮುಖ ನೋಡಿದರು. "ನಿಮ್ಮಮ್ಮಂಗೆ ಅಂತ ಕೇಳಲ್ವಾ?"

"ಅದರಲ್ಲೇ ಬಂತಲ್ಲ ಆಂಟಿ."

ಅವರು ನಗಲಿಲ್ಲ. ಎರಡು ಅಚ್ಚಪ್ಪ ಜಾಸ್ತಿ ಕೊಟ್ಟರು.

ಮುಂದಿನ ಭಾನುವಾರ ಧಾರಾವಾಹಿಯಲ್ಲಿ ಡಾಕ್ಟರು ಬಂದರು, ಆ ತಾಯಿಯ ನಾಡಿ ಹಿಡಿದರು, ಕನ್ನಡಕ ತೆಗೆದರು. ಅಷ್ಟರಲ್ಲಿ ಕರೆಂಟು ಹೋಯಿತು. ಧಾರಾವಾಹಿಯ ಹೊತ್ತು ಮುಗಿಯುವವರೆಗೂ ಬರಲಿಲ್ಲ. ಅದರ ಮುಂದಿನ ವಾರ ನೋಡಿದರೆ ಹಾಸಿಗೆ ಖಾಲಿ. ಗೋಡೆಯ ಮೇಲೆ ಆ ತಾಯಿಯ ಫೋಟೋ, ಫೋಟೋಗೆ ಹಾರ. ನಮ್ಮನೆಯಲ್ಲಿ ತಾತನ ಫೋಟೋಗೆ ಹಾರವಿತ್ತು. ಅದರ ಅರ್ಥ ನನಗೂ ಗೊತ್ತಿತ್ತು.

ಆಂಟಿ ಟೇಪನ್ನು ನೇರ ಆ ಫೋಟೋದ ಮೇಲಿಟ್ಟು, "ವಾಸಿಯಾಯ್ತು ನೋಡಿ. ಗಾಳಿ ಬದಲಾಗ್ಲಿ ಅಂತ ತವರಿಗೆ ಕಳ್ಸಿದಾರೆ. ಮನೆಯವರು ಊರಿಗೆ ಹೋದ್ರೆ ಬೇಗ ವಾಪಸ್ ಬರ್ಲಿ ಅಂತ ಆ ಕಡೆ ಫೋಟೋಗೆ ಹಾರ ಹಾಕ್ತಾರೆ. ನಮ್ ಥರ ಅಲ್ಲ ಅವರು" ಎಂದರು.

ಮೂಲೆಮನೆಯ ಮೇಷ್ಟ್ರು, "ಹೌದು ಹೌದು, ಆ ಕಡೆ ಹಂಗೇ" ಎಂದು ತಲೆಯಾಡಿಸಿದರು. ಮೇಷ್ಟ್ರೇ ಹೇಳಿದ ಮೇಲೆ ಇನ್ನೇನು ಅನುಮಾನ? ನನಗೆ ಜೀವ ಬಂತು.

ಮಾರನೆಯ ದಿನ ಸೋಮವಾರ. ಅಜ್ಜಿ ಮಧ್ಯಾಹ್ನ ಒರಗಿದ್ದಾಗ ನಾನು ದೇವರ ಹೂವಿನ ಬುಟ್ಟಿಯಿಂದ ಸೇವಂತಿಗೆ ಮಾಲೆ ತೆಗೆದೆ. ಕುರ್ಚಿ ಎಳೆದು ಹತ್ತಿ, ಅಪ್ಪ ಅಮ್ಮನ ಮದುವೆ ಫೋಟೋದಲ್ಲಿ ಅಮ್ಮನ ಕಡೆಗೆ ಮಾತ್ರ ಬರುವ ಹಾಗೆ ಅದನ್ನು ಸಿಕ್ಕಿಸಿದೆ. ಬೇಗ ಬರಲಿ ಎಂದು ಕುಂಕುಮವನ್ನೂ ಇಟ್ಟೆ.

ಸಂಜೆ ಆಫೀಸಿನಿಂದ ಅಪ್ಪ ಬಂದರು. ಆಸ್ಪತ್ರೆಗೆ ಗಂಜಿ ಒಯ್ಯುವ ಫ್ಲಾಸ್ಕು ಕೈಯಲ್ಲಿತ್ತು. ಹೊಸ್ತಿಲು ದಾಟಿ ಗೋಡೆ ನೋಡಿದರು. ಆಗ ಯಾರ ಮನೆಯಲ್ಲೂ ಫೋನಿರಲಿಲ್ಲ. ತಾವು ಆಫೀಸಿನಲ್ಲಿದ್ದಾಗ ಆಸ್ಪತ್ರೆಯಿಂದ ಸುದ್ದಿ ಬಂದಿರಬೇಕು ಎಂದುಕೊಂಡರು. ಫ್ಲಾಸ್ಕು ಬಿದ್ದು ಒಡೆಯಿತು. ಅಪ್ಪ ನಿಂತಲ್ಲೇ ಕುಸಿದು, ಬಾಯಿ ತೆರೆದು ದನಿಯಿಲ್ಲದೆ ಅತ್ತರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅಡುಗೆಮನೆಯಿಂದ ಬಂದ ಅಜ್ಜಿ ಅವರನ್ನು ನೋಡಿ, ಫೋಟೋ ನೋಡಿ, "ಏನೇ ಇದು ಅನಿಷ್ಟ" ಎಂದು ನನ್ನ ಬೆನ್ನಿಗೆ ಬಾರಿಸಿದರು. ನಾನು, "ಬೇಗ ಬರ್ಲಿ ಅಂತ ಹಾಕಿದ್ದು ಅಜ್ಜೀ" ಎಂದು ಕೂಗುತ್ತಲೇ ಇದ್ದೆ.

ಗದ್ದಲ ಕೇಳಿ ಆಂಟಿ ಓಡಿ ಬಂದರು. "ಹೊಡೀಬೇಡಿ ಅಜ್ಜಿ, ನಾನೇ ಹೇಳ್ಕೊಟ್ಟಿದ್ದು" ಎಂದರು. ಅಜ್ಜಿ ಆ ದಿನದಿಂದ ಅವರೊಡನೆ ಮಾತು ಬಿಟ್ಟರು. ಆದರೆ ಭಾನುವಾರ ಬಂದರೆ ಅಪ್ಪನೇ ನನ್ನ ತಲೆ ಬಾಚಿ, ಟಿವಿ ಮನೆಗೆ ಕಳಿಸಿದರು. ಅದೇಕೆಂದು ನನಗೆ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಅಮ್ಮ ಮನೆಗೆ ಬಂದಳು, ಅರ್ಧ ಆಗಿದ್ದಳು. ಮಲಗಿದ್ದವಳ ಪಕ್ಕ ಕುಳಿತು ಆಂಟಿ ತಪ್ಪಿಹೋದ ಕಂತುಗಳನ್ನೆಲ್ಲ ಹೇಳಿದರು. ಆ ತಾಯಿ ತವರಿನಲ್ಲೇ ಆರಾಮವಾಗಿದ್ದಾಳೆ ಎಂದೂ ಹೇಳಿದರು.

ಹೋದ ಡಿಸೆಂಬರಿನಲ್ಲಿ ನನ್ನ ಮಗಳು ಎಲ್ಲಿಂದಲೋ ಆ ಧಾರಾವಾಹಿಯನ್ನು ಫೋನಿನಲ್ಲಿ ಹುಡುಕಿ, ಹಾಲಿನ ದೊಡ್ಡ ಟಿವಿಗೆ ಹಾಕಿಕೊಟ್ಟಳು. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಹಳೆಯದೆಲ್ಲ ನೆನಪಾಗಲಿ ಎಂದು ನಾನೂ ಅಮ್ಮನೂ ಕಡಲೆಕಾಯಿ ಇಟ್ಟುಕೊಂಡು ಕುಳಿತೆವು. ಹತ್ತು ನಿಮಿಷಕ್ಕೆ ನನ್ನ ಕೈ ಬಾಯಿಗೆ ಹೋಗುವುದು ನಿಂತಿತು. ಆ ಸೋದರಮಾವ ಸೋದರಮಾವನೇ ಅಲ್ಲ, ಮನೆಯನ್ನು ಲಪಟಾಯಿಸಲು ಬಂದ ವಕೀಲ. ಅಮ್ಮ ದೀಪ ಹಚ್ಚಿದ ಸೊಸೆಗೆ ಮಗುವೇ ಆಗಿಲ್ಲ, ಅದು ಪಕ್ಕದ ಮನೆಯದು. ಕೊನೆಗೆ ಆ ಡಾಕ್ಟರು ಬಂದರು, ಕನ್ನಡಕ ತೆಗೆದರು. ಈ ಸಲ ಕರೆಂಟು ಹೋಗಲಿಲ್ಲ.

"ಅಯ್ಯೋ, ಇವಳು ಸತ್ತೇ ಹೋದ್ಳಾ?" ಎಂದಳು ಅಮ್ಮ. "ತವರಲ್ಲಿದಾಳೆ ಅಂದಿದ್ರಲ್ಲೇ."

ನನಗೆ ಕೋಪ ಬಂತು. ಬಾಲ್ಯವನ್ನೆಲ್ಲ ಯಾರೋ ತಪ್ಪು ವಿಳಾಸಕ್ಕೆ ಹಾಕಿದ್ದರು ಅನ್ನಿಸಿತು. ಮರುದಿನವೇ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಬಿನ್ನಿಪೇಟೆಗೆ ಹೋದೆ. ಆಂಟಿ ಅಲ್ಲಿ ಮಗಳ ಅಪಾರ್ಟ್‌ಮೆಂಟಿನಲ್ಲಿದ್ದರು. ಎಂಬತ್ತಾರು ದಾಟಿತ್ತು, ಕಿವಿ ಮಂದ, ತಲೆ ಮಾತ್ರ ಚುರುಕು.

"ನಿಮಗೆ ಹಿಂದಿ ಬರುತ್ತಾ ಆಂಟಿ?" ಎಂದು ಕೂರುವ ಮೊದಲೇ ಕೇಳಿದೆ.

"ತರಕಾರಿ ತಗೊಳೋಷ್ಟು ಬರತ್ತೆ" ಎಂದರು, ಒಂದಿಷ್ಟೂ ನಾಚಿಕೆಯಿಲ್ಲದೆ. "ಎಲ್ರೂ ಬಾಯಿ ಬಿಟ್ಕೊಂಡು ಕೂತಿರ್ತಿದ್ರಿ. ಬರಲ್ಲ ಅಂತ ಹೇಳೋಕೆ ನಂಗೆ ಮನಸ್ಸು ಬರ್ಲಿಲ್ಲ. ಮುಖ ನೋಡ್ಕೊಂಡು ಹೇಳ್ತಿದ್ದೆ."

"ಆ ತಾಯಿ ಸತ್ತಿದ್ದು?"

"ಸಾಯೋದು ತಿಳ್ಕೊಳಕ್ಕೆ ಭಾಷೆ ಯಾಕೆ ಬೇಕು? ಡಾಕ್ಟ್ರು ಕನ್ನಡಕ ತೆಗೆದ ತಕ್ಷಣ ಮೇಷ್ಟ್ರಿಗೆ ಕಣ್ಸನ್ನೆ ಮಾಡ್ದೆ. ಅವರು ಹೋಗಿ ಫ್ಯೂಸ್ ಕಿತ್ರು."

"ಮೇಷ್ಟ್ರಿಗೆ ಗೊತ್ತಿತ್ತಾ?"

"ಇಡೀ ವಠಾರಕ್ಕೇ ಗೊತ್ತಿತ್ತು. ನಿಮ್ಮಮ್ಮ ಉಳಿಯಲ್ಲ ಅಂತ ಆ ವಾರ ಡಾಕ್ಟ್ರು ನಿಮ್ಮಪ್ಪಂಗೆ ಹೇಳಿಬಿಟ್ಟಿದ್ರು. ಕ್ರಿಸ್‌ಮಸ್ ದಿನ ನೀನು ಕಿವೀಲಿ ಹೇಳಿದ್ನ ನಾನು ಎಲ್ರಿಗೂ ಹೇಳಿದ್ದೆ. ಹಾರದ ಗಲಾಟೆ ಆದ್ಮೇಲೆ ಇನ್ನು ಬಾಯಿ ಬಿಡಲ್ಲ ಅಂತ ಕೂತಿದ್ದೆ. ನಿಮ್ಮಪ್ಪನೇ ಬಂದು, ಕತೆ ನಿಲ್ಲಿಸ್ಬೇಡಿ, ಮಗೂಗೆ ಉಳಿದಿರೋದು ಅದೊಂದೇ ಅಂದ್ರು."

ನಾನು ಅಮ್ಮನ ಕಡೆ ತಿರುಗಿದೆ. ಅವಳ ಮುಖ ನೋಡಲಾಗಲಿಲ್ಲ. ಡಾಕ್ಟರು ಕೈಬಿಟ್ಟಿದ್ದರೆಂಬುದು ಅವಳಿಗೂ ಅವತ್ತೇ ಗೊತ್ತಾದದ್ದು. ಅಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು. ಅವರು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಅದಾಗಿ ಎರಡು ತಿಂಗಳಿಗೆ ಆಂಟಿ ನಿದ್ದೆಯಲ್ಲೇ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆವು. ನನಗೆ ಈಗಲೂ ಸುಧಾರಿಸಿಕೊಳ್ಳಲು ಆಗಿಲ್ಲ. ಅದು ಅವರು ಹೋದರೆಂದು ಮಾತ್ರ ಅಲ್ಲ. ಅವತ್ತು ಬಿನ್ನಿಪೇಟೆಯಿಂದ ಹೊರಡುವಾಗ ನಾನು ಒಂದು ಮಾತು ಕೇಳಿಬಿಟ್ಟಿದ್ದೆ.

"ಅಮ್ಮ ಬರದೇ ಹೋಗಿದ್ರೆ ನಂಗೇನು ಕತೆ ಹೇಳ್ತಿದ್ರಿ ಆಂಟಿ?"

ಅವರು ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದರು. "ಕತೆ ಇರ್ಲಿಲ್ಲ ಕಣೇ ಪುಟ್ಟಿ. ನಿನ್ನ ನಮ್ಮನೇಲೇ ಇಟ್ಕೊಳೋದು ಅಂತ ಆಗಿತ್ತು. ಅಜ್ಜಿಗೆ ಮಂಡಿನೋವು, ನಿಮ್ಮಪ್ಪಂಗೆ ಆಫೀಸು. ಅವರೂ ಒಪ್ಪಿದ್ರು. ಮಾಮೂಲ್‌ಪೇಟೆಯಿಂದ ಬಟ್ಟೆ ತಂದು ನಿನ್ನ ಅಳತೆಗೆ ಒಂದು ಚಿಕ್ಕ ಹಾಸಿಗೆ ಹೊಲಿದೂ ಇಟ್ಟಿದ್ದೆ. ಇವಳು ಮನೆಗೆ ಬಂದ ದಿನ ಅದನ್ನ ಬಿಚ್ಚಿ ಹತ್ತಿ ತೆಗೆದು ದಿಂಬು ಮಾಡಿದೆ."

ಅಮ್ಮ ಕುರ್ಚಿಯಿಂದ ಎದ್ದು, ಆಂಟಿಯ ಕಾಲ ಬಳಿ ನೆಲದ ಮೇಲೆ ಕುಳಿತಳು.