ಅಪ್ಪನ ಆಳ್ ಕ್ವಾಟೆ

ಅಂಗೈಯನ್ನು ಮೂಸಿ ನೋಡಿಕೊಂಡೆ. ತುಕ್ಕಿನ ವಾಸನೆ. ಶ್ರೀರಂಗಪಟ್ಟಣದ ಕೋಟೆಗೋಡೆಯಲ್ಲಿ ಹೂತು ಉಳಿದಿದ್ದ ಕಬ್ಬಿಣದ ಬಳೆಯೊಂದನ್ನು ಆಗಷ್ಟೇ ಸವರಿದ್ದೆ. ಅಪ್ಪ ಕುಡುಗೋಲು ತಟ್ಟುತ್ತಿದ್ದ ಕಿರಂಗೂರಿನ ನಮ್ಮ ಕುಲುಮೆಯಲ್ಲೂ ಇದೇ ವಾಸನೆ ಇರುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ನನ್ನ ನಾಲ್ಕನೇ ಕ್ಲಾಸಿನ ಮಿಸ್ ಕೋಟೆಯ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ಕೂತಿದ್ದರು. ಎಂಬತ್ತು ದಾಟಿದ ಅವರನ್ನು ಪಾಂಡವಪುರದ ಮನೆಯಿಂದ ಆಟೋ ಹತ್ತಿಸಿ ಕರೆತಂದಿದ್ದೆ. ಅವರಿಗೊಂದು ಥ್ಯಾಂಕ್ಸ್ ಹೇಳಬೇಕಿತ್ತು. ನಲವತ್ತು ವರ್ಷದಿಂದ ಬಾಯಿಗೆ ಬಂದು ವಾಪಸು ಹೋಗುತ್ತಿದ್ದ ಮಾತು ಅದು. ಈ ಸಲವೂ ಹೇಳದೆ ಹೊರಟುಬಿಡುತ್ತೇನೇನೋ ಎಂದು ಅಂಜಿಕೆಯಾಗುತ್ತಿತ್ತು.

ನಮ್ಮ ಕಡೆಯವರ ನಾಲಗೆಗೂ ಹಕಾರಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ, ನಿಮಗೆ ಗೊತ್ತಲ್ಲ. ಹಾಲು ಆಲಾಗುತ್ತದೆ, ಹಾವು ಆವಾಗುತ್ತದೆ. ನಾನು ಈಗ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಆದರೂ ಸಿಟ್ಟು ಬಂದರೆ ಸಾಕು, ನನ್ನ ಹಕಾರ ಕಾಲಿಗೆ ಬುದ್ಧಿ ಹೇಳುತ್ತದೆ. ಹಕಾರ ಮಾಯವಾಯಿತೆಂದರೆ ತಮ್ಮ ಮಿಸ್ಸಿಗೆ ನಿಜವಾಗಿಯೂ ಕೋಪ ಬಂದಿದೆ ಎಂದು ಮಕ್ಕಳು ಕಂಡುಕೊಂಡಿದ್ದಾರೆ, ಕಿಲಾಡಿಗಳು.

ಚಿಕ್ಕಂದಿನಲ್ಲಿ ನಾನು ಕೋಟೆಯ ಕಡೆ ಆಡಲು ಹೊರಟರೆ ಅಪ್ಪ, "ಅಲ್ಲಿಗ್ಯಾಕವ್ವ ಓಯ್ತೀಯೆ? ಆಳ್ ಕ್ವಾಟೆ ಕಣವ್ವ ಅದು, ಆವು ಚೇಳು ಇರ್ತವೆ" ಎನ್ನುತ್ತಿದ್ದ. ಅವನು ಹೇಳಿದ್ದು ಹಾಳು ಕೋಟೆ. ನಾನು ತಿಳಿದದ್ದು ಆಳುಗಳ ಕೋಟೆ. ಅರಸರಿಗೆ ಅರಮನೆ, ಆಳುಗಳಿಗೆ ಕೋಟೆ, ಸರಿಯಾಗಿಯೇ ಇದೆಯಲ್ಲ! ನಾಲ್ಕನೇ ಕ್ಲಾಸಿನಲ್ಲಿ ಈ ಮಿಸ್ ಕೋಟೆ ತೋರಿಸಿಕೊಂಡು ಬಂದು ಪ್ರಬಂಧ ಬರೆಯಿರಿ ಎಂದಾಗ, ಕಲ್ಲು ಹೊತ್ತವರು, ಗಾರೆ ಅರೆದವರು, ಬಾಗಿಲಿಗೆ ಮೊಳೆ ಬಡಿದ ನಮ್ಮಂಥ ಆಚಾರಿಗಳು ಎಂದು ಎರಡು ಪುಟ ತುಂಬಿಸಿದೆ. ಸುಲ್ತಾನರ ಹೆಸರು ಒಂದು ಸಲವೂ ಬರಲಿಲ್ಲ. ಎಲ್ಲರೆದುರು ಓದುವುದಕ್ಕೆ ಮುಂಚೆ ತಲೆಬರಹವನ್ನು ಬೋರ್ಡಿನ ಮೇಲೆ ಬರೆಯಬೇಕಿತ್ತು. 'ನಮ್ಮ ಆಳು ಕೋಟೆ' ಎಂದು ದಪ್ಪಕ್ಷರದಲ್ಲಿ ಬರೆದೆ.

ಪೇಟೆಯ ಮಕ್ಕಳು ಬಿದ್ದು ಬಿದ್ದು ನಕ್ಕರು. "ಆಳಲ್ಲ ಕಣೇ, ಹಾಳು!" ಎಂದು ಒಬ್ಬಳು ಕೂಗಿದಳು. ಇನ್ನು ನಾಳೆಯಿಂದ ಶಾಲೆಗೇ ಬರುವುದಿಲ್ಲ ಎಂದು ನಾನು ಅಲ್ಲೇ ನಿಶ್ಚಯಿಸಿದೆ.

ಮಿಸ್ ಅರ್ಚಕರ ಮನೆಯವರು, ಒಂದಕ್ಷರ ಸರಿದರೂ ಸಹಿಸದವರು. ಅವರು ಎದ್ದು ನಿಂತು, "ಯಾಕೆ ನಗ್ತೀರಿ? ಹಾಳಾಗೋದಕ್ಕೆ ಮುಂಚೆ ಅದನ್ನ ಯಾರಾದ್ರೂ ಕಟ್ಟಬೇಕಿತ್ತಲ್ಲ? ಆಳಿಲ್ಲದೆ ಕಟ್ಟೋಕಾಗುತ್ತಾ? ಓದು ಮಗು, ಪೂರ್ತಿ ಓದು" ಎಂದರು. ಓದಿದೆ. ಮೊದಲ ಸಾಲು ನಡುಗಿತು, ಕೊನೆಯದು ನಡುಗಲಿಲ್ಲ. ಇಂದು ನಾನು ಮಕ್ಕಳೆದುರು ನಿಂತು ಬಾಯಿ ತೆರೆಯುವುದಕ್ಕೆ ಆ ಮಾತೇ ಕಾರಣ.

ಇಷ್ಟನ್ನೂ ಈಗ ಮಿಸ್ಸಿಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದೆ, ಥ್ಯಾಂಕ್ಸ್ ಕೂಡ ಹೇಳಿದೆ. ಮಿಸ್ ಕಣ್ಣು ಕಿರಿದು ಮಾಡಿದರು.

"ಮಾರನೇ ದಿನ ನಿಮ್ಮಪ್ಪ ಬಂದಿದ್ರು, ಗೊತ್ತಾ ನಿನಗೆ?"

ಗೊತ್ತಿರಲಿಲ್ಲ.

"ಕೈ ತುಂಬ ಮಸಿ. ಕರೆದ್ರೂ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ್ರು. 'ತಪ್ಪು ಮಗೀದಲ್ಲ ಕಣ್ರಮ್ಮ, ನಂದು. ಆ ಅಕ್ಸರ ನನ್ ನಾಲ್ಗೇಲಿ ಒರಳಾಕಿಲ್ಲ. ನೀವೇ ಏಳ್ಕೊಡಿ. ಇನ್ ಮ್ಯಾಕೆ ಅದ್ರ ಮುಂದೆ ನಾನು ಕ್ವಾಟೆ ಮಾತೇ ಎತ್ತಾಕಿಲ್ಲ' ಅಂದ್ರು."

ಅಪ್ಪ ನಿಜಕ್ಕೂ ಆಮೇಲೆ ಕೋಟೆಯ ಮಾತು ಎತ್ತಲಿಲ್ಲ. ನಾನು ದೊಡ್ಡವಳಾದೆ, ಅದಕ್ಕೇ ಹೆದರಿಸುವುದು ಬಿಟ್ಟ ಎಂದುಕೊಂಡಿದ್ದೆ. ನಾನು ಪುಸ್ತಕ ಹಿಡಿದಾಗಲೆಲ್ಲ ಅವನು ಮಾತು ನುಂಗಿಕೊಂಡು ಎದ್ದು ಹೋಗುತ್ತಿದ್ದುದನ್ನು ಬೇಸರವೆಂದು ತಿಳಿದಿದ್ದೆ. ಅವನು ತೀರಿಹೋಗಿ ಹತ್ತು ವರ್ಷವಾಯಿತು.

ಮಿಸ್ಸಿನ ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದೆ. ಕೆಳಗೆ ಬಂದ ಮೇಲೆ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಎದ್ದವಳು ಮತ್ತೊಮ್ಮೆ ಬಾಗಿದೆ.

"ಒಂದು ಸಾಕು ಕಣೇ," ಎಂದು ಅವರು ಹಿಂದೆ ಸರಿದರು.

"ಇದು ನಿಮಗಲ್ಲ ಮಿಸ್," ಎಂದೆ, "ನಮ್ಮಪ್ಪಂಗೆ."