ಎರಡು ವರ್ಷ ದೊಡ್ಡವನಾದ ಮೌನೇಶ

ಮೌನೇಶನ ಬಗ್ಗೆ ಬರೆಯಬೇಕಾದವನು ನಾನಲ್ಲ. ಅವನಿಗಾದ ನಷ್ಟದಲ್ಲಿ ನನ್ನ ಅತಿಬುದ್ಧಿವಂತಿಕೆಯ ಪಾಲೂ ಇದೆ. ಆದರೆ ಬೇರೆ ಯಾರೂ ಬರೆಯುವ ಹಾಗೆ ಕಾಣುವುದಿಲ್ಲ, ಅದಕ್ಕೇ ಕೂತಿದ್ದೇನೆ.

ನಾವಿಬ್ಬರೂ ಜಯನಗರದ ಒಂದು ಸಂಜೆ ಕಲಾಶಾಲೆಯಲ್ಲಿ ಸಹಪಾಠಿಗಳು. ನಾನು ಯಡಿಯೂರಿನವನು, ಅಪ್ಪನ ಸಂಬಳದಲ್ಲಿ ಬಣ್ಣ ಕೊಳ್ಳುತ್ತಿದ್ದವನು. ಅವನು ಸುರಪುರದ ಕಡೆಯಿಂದ ಬಂದು ಬಿಟಿಎಂ ಲೇಔಟಿನ ಒಂದು ರೂಮಿನಲ್ಲಿ ಮೂವರ ಜೊತೆ ಇದ್ದ. ಹಗಲು ಅಂಗಡಿಗಳ ಬೋರ್ಡು, ಶಟರು ಬರೆಯುವ ಕೆಲಸ. ಸಂಜೆ ಐದೂವರೆಗೆ ಕೈಗೆ ಸೀಮೆಎಣ್ಣೆ ಹಚ್ಚಿ ತೊಳೆದುಕೊಂಡು ಕ್ಲಾಸಿಗೆ ಬರುತ್ತಿದ್ದ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಯಾವುದೋ ಮೆಡಿಕಲ್ ಶಾಪಿನ ಹಸಿರು ಉಳಿದಿರುತ್ತಿತ್ತು.

ಅವನಿಗೊಂದು ಹುಚ್ಚಿತ್ತು. ಭಾನುವಾರ ಬೆಳಗ್ಗೆ ಜಯನಗರದ ಲೈಬ್ರರಿಗೆ ಹೋಗಿ ವಾರದ ಪೇಪರುಗಳನ್ನೆಲ್ಲ ಎಳೆದುಕೊಂಡು ಕೂರುವುದು. ನಮ್ಮಂಥವರು ಮೊದಲ ಪುಟ ಓದಿದರೆ ಅವನು ಟೆಂಡರ್ ನೋಟೀಸು, ಹೆಸರು ಬದಲಾವಣೆಯ ಜಾಹೀರಾತುಗಳ ನಡುವೆ ಹುಡುಕುತ್ತಿದ್ದ. ವಾರ್ಷಿಕ ಪ್ರದರ್ಶನಕ್ಕೆ ಕೃತಿಗಳ ಆಹ್ವಾನ, ಕಲಾಶಿಬಿರ, ವಿದ್ಯಾರ್ಥಿವೇತನ, ಸಹಾಯಧನ ಎಲ್ಲವೂ ಅಲ್ಲೇ, ಇರುವೆಗಾತ್ರದ ಅಕ್ಷರದಲ್ಲಿ ಅಡಗಿರುತ್ತಿದ್ದವು. ಸಿಕ್ಕಿದ್ದನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಸೋಮವಾರ ಕ್ಲಾಸಿನ ಬೋರ್ಡಿನ ಮೂಲೆಯಲ್ಲಿ ತನ್ನ ಮುದ್ದಾದ ಅಕ್ಷರದಲ್ಲಿ ಬರೆದುಬಿಡುತ್ತಿದ್ದ. ಗುಟ್ಟಾಗಿಟ್ಟುಕೊಂಡರೆ ಪೈಪೋಟಿ ಕಡಿಮೆಯಾಗುತ್ತದೆ ಅನ್ನುವ ಸಣ್ಣ ಬುದ್ಧಿಯೂ ಅವನಿಗಿರಲಿಲ್ಲ.

"ಎಲ್ಲಾರ್ಗೂ ಯಾಕೋ ಹೇಳ್ತೀಯ? ನೀನು ಮೊದ್ಲು ಹಾಕೋ ಮಗಾ" ಅಂತ ನಾನು ರೇಗಿದರೆ, "ಒಬ್ಬರ ಅನ್ನ ಒಬ್ಬರು ಉಣ್ಣಂಗಿಲ್ಲ ಬಿಡೋ" ಅನ್ನುತ್ತಿದ್ದ.

ಅವನ ಬೋರ್ಡಿನ ಮೂಲೆಯಿಂದಲೇ ನಮ್ಮ ಕ್ಲಾಸಿನ ರೇಖಾಗೆ ಬರೋಡದಲ್ಲಿ ಓದುವ ಅವಕಾಶ ಸಿಕ್ಕಿತು, ನನಗೆ ಮೈಸೂರಿನ ಶಿಬಿರ ಸಿಕ್ಕಿತು. ನಾವು ಅವನಿಗೊಂದು ಮಸಾಲೆದೋಸೆ ಕೊಡಿಸಿ ಕೈ ತೊಳೆದುಕೊಂಡೆವು.

ಮೌನೇಶ ಕಣ್ಣಿಟ್ಟಿದ್ದು ಒಂದೇ ಒಂದರ ಮೇಲೆ. ದೆಹಲಿಯಿಂದ ಬರುವ, ಕಲಾಶಾಲೆಯ ಕೊನೆಯ ವರ್ಷದವರಿಗೆ ಮಾತ್ರ ಕೊಡುವ ವೇತನ. ಎರಡು ವರ್ಷ ಪ್ರತಿ ತಿಂಗಳೂ ಹಣ ಬರುತ್ತದೆ, ಚಿತ್ರ ಬರೆಯುವುದೊಂದು ಬಿಟ್ಟು ಬೇರೇನೂ ಮಾಡಬೇಕಾಗಿಲ್ಲ. ಬೆಳಗ್ಗೆ ಎದ್ದ ಕೂಡಲೇ, ಸುಸ್ತಾಗದ ಕೈಯಲ್ಲಿ ಒಮ್ಮೆ ಬರೆದು ನೋಡಬೇಕು ಅನ್ನುವುದು ಅವನ ಆಸೆ. ಅಲ್ಲಿಯವರೆಗೆ ಅವನ ಚಿತ್ರಗಳೆಲ್ಲ ಏಣಿ ಹತ್ತಿಳಿದು ದಣಿದ ಕೈಯವು.

ಆದರೂ ಎಂಥ ಚಿತ್ರಗಳು! ಬಿಟಿಎಂನ ಸಣ್ಣ ಅಂಗಡಿಗಳ ಮುಚ್ಚಿದ ಶಟರುಗಳು. ನೆಗ್ಗಿದ ತಗಡು, ಅರ್ಧ ಅಳಿಸಿದ ಸೋಪಿನ ಜಾಹೀರಾತು, ಅದರ ಮೇಲೆ ಹಾದುಹೋಗುವ ಯಾರದೋ ನೆರಳು. ಅಷ್ಟೇ. ನೋಡುತ್ತ ನಿಂತರೆ ಒಳಗಿರುವವರು ಯಾರು, ಯಾಕೆ ತೆಗೆಯಲಿಲ್ಲ ಅಂತ ಸಂಕಟವಾಗುತ್ತಿತ್ತು. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

೧೯೯೯ರಲ್ಲಿ ನಾವು ಕೊನೆಯ ವರ್ಷಕ್ಕೆ ಬಂದೆವು. ಯಡಿಯೂರಿನ ನಮ್ಮ ತಾರಸಿಯ ಮೇಲೆ ಬೆಳಗಿನ ಎಳೆಬಿಸಿಲಿನಲ್ಲಿ ಕ್ಯಾನ್ವಾಸುಗಳನ್ನು ಒಂದೊಂದಾಗಿ ನಿಲ್ಲಿಸಿ ಫೋಟೋ ತೆಗೆದೆವು. ನಮ್ಮಮ್ಮ ಗೌರಮ್ಮ ಹಿಂದೆ ಹಿಡಿಯಲು ತನ್ನ ಹೊಸ ಬೆಡ್‌ಶೀಟ್ ಕೊಟ್ಟಳು. ಫೋಟೋಗಳ ಹಿಂದೆ ಹೆಸರು, ಅಳತೆ, ವರ್ಷಗಳನ್ನು ಮೌನೇಶ ಪೆನ್ಸಿಲಿನಲ್ಲಿ ಹಗುರವಾಗಿ ಬರೆದ. ಪೆನ್ನಿನಲ್ಲಿ ಒತ್ತಿ ಬರೆದರೆ ಮುಂಭಾಗದಲ್ಲಿ ಗೆರೆ ಮೂಡುತ್ತದೆ ಅಂತ ನಮಗೆಲ್ಲ ಕಲಿಸಿದವನೇ ಅವನು. ಆಮೇಲೆ ಅರ್ಜಿ ತುಂಬಲು ಕೂತವನು ಒಂದು ಕಡೆ ಬಂದು ನಿಂತುಬಿಟ್ಟ.

ಜನ್ಮದಿನಾಂಕ. ಜುಲೈ ಒಂದಕ್ಕೆ ಇಪ್ಪತ್ತೈದು ಮೀರಿರಬಾರದು ಅನ್ನುವುದು ನಿಯಮ.

"ಪ್ರಸನ್ನ, ನನಗ ಇಪ್ಪತ್ನಾಕು. ಆದ್ರ ಎಸ್ಸೆಸ್ಸೆಲ್ಸಿ ಕಾರ್ಡಿನಾಗ ಇಪ್ಪತ್ತಾರು ಅದ" ಅಂದ.

ಶಾಲೆಗೆ ಸೇರಿಸುವಾಗ ಅಪ್ಪ ಎರಡು ವರ್ಷ ಹೆಚ್ಚಿಗೆ ಬರೆಸಿದ್ದನಂತೆ. ಇದೇನು ಹೊಸದಲ್ಲ. ನಮ್ಮ ಕಡೆ ಅರ್ಧ ಊರು ಜೂನ್ ಒಂದರಂದೇ ಹುಟ್ಟಿರುತ್ತದೆ, ಹೆಡ್‌ಮಾಸ್ತರರ ಕೃಪೆ. ಮೌನೇಶ ಹೆದರಿದ. ಇನ್ನೊಂದು ಅರ್ಜಿ ಇದೆ, ರಾಜ್ಯದ್ದು, ಮೂವತ್ತು ವಯಸ್ಸಿನವರೆಗೆ ಹಾಕಬಹುದು, ದುಡ್ಡು ಕಡಿಮೆ, ಒಂದೇ ವರ್ಷ, ಅದಕ್ಕೇ ಹಾಕುತ್ತೇನೆ ಅಂದ. ಇದ್ದದ್ದು ಒಂದೇ ಸೆಟ್ ಫೋಟೋ. ಎರಡನೆಯದು ಪ್ರಿಂಟ್ ಹಾಕಿಸುವ ಶಕ್ತಿ ಅವನಿಗಿರಲಿಲ್ಲ, ಹಾಕಿಸಿಕೊಡುವ ಯೋಚನೆ ನನಗೆ ಬರಲಿಲ್ಲ.

ಬಾಯಿ ಹಾಕಿದವನು ನಾನೇ. "ಲೋ ಗುರು, ನಿಜ ಬರಿಯೋಕೆ ಯಾಕೋ ಭಯ? ನೋಟರಿ ಹತ್ರ ಒಂದು ಅಫಿಡವಿಟ್ ಮಾಡ್ಸಿದ್ರೆ ಮುಗೀತು. ಸ್ಟಾಂಪ್ ಪೇಪರ್ ಮೇಲೆ ಬರೆದ್ಮೇಲೆ ಯಾರೇನ್ ಕೇಳ್ತಾರೆ?"

ಛಾಪಾಕಾಗದ, ದುಂಡು ಸೀಲು, ಹಸಿರು ಶಾಯಿಯ ಸಹಿ ಇದ್ದರೆ ಹುಟ್ಟಿದ ದಿನವನ್ನೂ ತಿದ್ದಬಹುದು ಅಂತ ನಾವೆಲ್ಲ ನಂಬಿದ್ದ ಕಾಲ. ಬನಶಂಕರಿಯ ಒಬ್ಬ ನೋಟರಿ ಹತ್ತು ನಿಮಿಷದಲ್ಲಿ ಮಾಡಿಕೊಟ್ಟ. ಮೌನೇಶ ಇಪ್ಪತ್ನಾಲ್ಕು ಅಂತ ಬರೆದು, ರಿಜಿಸ್ಟರ್ಡ್ ಪೋಸ್ಟ್ ಮಾಡಿದ. ರಾಜ್ಯದ ಅರ್ಜಿಯ ಕೊನೆಯ ದಿನ ಮುಗಿದುಹೋಯಿತು.

ಮೂರು ತಿಂಗಳಿಗೆ ಸಂದರ್ಶನದ ಪತ್ರ ಬಂತು. ಬೆಂಗಳೂರಿನಲ್ಲೇ ಸಂದರ್ಶನ, ಮೂಲ ದಾಖಲೆಗಳ ಸಮೇತ. ವಯಸ್ಸಿನ ವಿಷಯ ಕೇಳಿದರೆ ಹೇಳಲು ಇರಲಿ ಅಂತ ಮೌನೇಶ ತನ್ನ ಅಪ್ಪ ತಿಪ್ಪಣ್ಣನನ್ನೂ ಊರಿನಿಂದ ಕರೆಸಿದ. ಟೂರಿಂಗ್ ಟಾಕೀಸಿನಲ್ಲಿ ಗೇಟ್ ಕಾಯುತ್ತಿದ್ದ ಮನುಷ್ಯ. ಒಗೆದ ಧೋತರ, ಯಾರಿಂದಲೋ ಕೇಳಿ ತಂದ ಕೋಟು. ಹಿಂದಿನ ಸಂಜೆಯೇ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡ.

ಮರುದಿನ ನಾನೂ ತಿಪ್ಪಣ್ಣನೂ ಹೊರಗೆ ಕಾದು ಕೂತೆವು. ಒಳಗೆ ಚಿತ್ರಗಳನ್ನು ನೋಡಿದವರು ತುಂಬ ಹೊತ್ತು ಮಾತಾಡಿಸಿದರಂತೆ. ಹೊರಗೆ ಬಂದ ಮೌನೇಶನ ಮುಖ ಅರಳಿತ್ತು. ಆಮೇಲೆ ದಾಖಲೆ ನೋಡುವ ಕೋಣೆಗೆ ಕರೆದರು, ನಾವು ಮೂವರೂ ಹೋದೆವು. ಅಲ್ಲಿದ್ದ ಅಧಿಕಾರಿ ಕಮಲಾದೇವಿ ಒರಟು ಹೆಂಗಸಲ್ಲ. ಮಾರ್ಕ್ಸ್ ಕಾರ್ಡು, ಅಫಿಡವಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಿಟ್ಟುಸಿರು ಬಿಟ್ಟರು.

"ಮೌನೇಶ್, ನಮಗೆ ಎಸ್ಸೆಸ್ಸೆಲ್ಸಿ ಕಾರ್ಡೇ ಪ್ರೂಫು. ಈ ಅಫಿಡವಿಟ್ ನಡಿಯಲ್ಲಪ್ಪ. ಡೇಟ್ ಆಫ್ ಬರ್ತ್ ಬೇರೆ ಬರ್ದಿರೋದ್ರಿಂದ ಅರ್ಜೀನೇ ಕ್ಯಾನ್ಸಲ್ ಮಾಡ್ಬೇಕಾಗುತ್ತೆ."

ತಿಪ್ಪಣ್ಣ ಮುಂದೆ ಬಂದ.

"ಅಕ್ಕಾರ, ತಪ್ಪು ನಂದರಿ. ಹುಡುಗಗ ಆಗ ನಾಕೇ ವರ್ಷ. ಆರು ಅಂತ ನಾನೇ ಬರಸೀನಿ. ಮಾಸ್ತರು, ಬಲಗೈಲೆ ತಲಿ ಮ್ಯಾಲಿಂದ ಎಡಗಿವಿ ಮುಟ್ಟಸು, ಮುಟ್ಟಿದ್ರ ತಗೋತೀನಿ ಅಂದ್ರು." ಮುದುಕ ಎಲ್ಲರೆದುರು ತನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಕಿವಿ ಮುಟ್ಟಿ ತೋರಿಸಿದ. "ಮುಟ್ಟಲಿಲ್ರಿ. ಕೈ ಸಣ್ಣದಿತ್ತು. ನಾ ಹಿಂದ ನಿಂತು ಜಗ್ಗಿ ಮುಟ್ಟಿಸಿದೆ. ಅಳಾಕ ಹತ್ತಿತು."

"ಅಷ್ಟು ಅವಸರ ಯಾಕಿತ್ತು ಯಜಮಾನ್ರೇ?"

"ಸಾಲ್ಯಾಗ ಮಧ್ಯಾಹ್ನ ಉಪ್ಪಿಟ್ಟು ಕೊಡ್ತಿದ್ರು, ಅಕ್ಕಾರ."

ಕಮಲಾದೇವಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಮಾತು ಸುಳ್ಳು ಅಂತ ನಾನಂತಿಲ್ಲ. ನಂಬ್ತೀನಿ. ಆದ್ರೆ ಫೈಲಲ್ಲಿ ಇದನ್ನ ಹೇಗೆ ಬರೀಲಿ ಹೇಳಿ?" ಅಂದರು. ಆಮೇಲೆ ಮೌನೇಶನ ಕಡೆ ತಿರುಗಿ, ಹೇಳಬಾರದಾಗಿದ್ದ ಮಾತೊಂದನ್ನು ಹೇಳಿಬಿಟ್ಟರು. "ಲಿಸ್ಟಲ್ಲಿ ನಿಮ್ಮ ಹೆಸರು ಮೇಲಿತ್ತು."

ಬಸ್ಸಿನಲ್ಲಿ ನಾನು ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಮನೆಗೆ ಬಂದಾಗ ಅಮ್ಮ ಮುಖ ನೋಡಿಯೇ ಅರ್ಥಮಾಡಿಕೊಂಡು, "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ವಲ್ಲಪ್ಪಾ" ಅಂದಳು. ಕಾರಣ ಏನು ಅಂತ ನಾನು ಅವಳಿಗೆ ವಿವರವಾಗಿ ಹೇಳಲಿಲ್ಲ. ಹೇಳಿದ್ದರೆ ಮರುದಿನ ಬೆಳಗ್ಗೆ ಅವಳು ಬೇರೇನಾದರೂ ತಿಂಡಿ ಮಾಡುತ್ತಿದ್ದಳು.

ಬಿಸಿಬಿಸಿ ಉಪ್ಪಿಟ್ಟು, ಮೇಲೆ ಒಂದು ಚಮಚ ತುಪ್ಪ. ತಿಪ್ಪಣ್ಣ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತ. ಕೈ ತಟ್ಟೆಗೆ ಹೋಗಲಿಲ್ಲ. ಸುಮ್ಮನೆ ಕಣ್ಣೀರು ಇಳಿಯತೊಡಗಿತು, ಒರೆಸಿಕೊಳ್ಳಲೂ ಇಲ್ಲ. ಅಮ್ಮ ಗಾಬರಿಯಾಗಿ ಖಾರ ಜಾಸ್ತಿ ಆಯ್ತೇನೋ ಅಂದಳು. ಮೌನೇಶ ತನ್ನ ತಟ್ಟೆ ಖಾಲಿ ಮಾಡಿದವನೇ ಕೈ ಚಾಚಿ, "ಕೊಡು ಯಪ್ಪಾ ಇಲ್ಲಿ, ನನಗ ಈಗ್ಲೂ ಸೇರ್ತದ" ಅಂತ ಅಪ್ಪನದನ್ನೂ ತೆಗೆದುಕೊಂಡು ಕೊನೆಯ ಕಾಳಿನವರೆಗೆ ತಿಂದ. ಅವನು ತಿನ್ನುವುದನ್ನು ನೋಡಲಾರದೆ ನಾನು ತಾರಸಿಗೆ ಹೋದೆ.

ಅವತ್ತಿನಿಂದ ಮೌನೇಶನಿಗೆ ಊರಿನ ಅಪ್ಪನಿಗೆ ದುಡ್ಡು ಕಳಿಸುವ ಹಟ ಬಂತು. ತನ್ನಿಂದ ಮಗನ ಬದುಕು ಹಾಳಾಯಿತು ಅಂತ ಅಪ್ಪ ಕೊರಗುತ್ತಿದ್ದಾನೆ, ನಾನು ಚೆನ್ನಾಗಿದ್ದೀನಿ ಅಂತ ತೋರಿಸಬೇಕು ಅನ್ನುತ್ತಿದ್ದ. ಬೆಳಗ್ಗೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು, ಸಂಜೆ ಕ್ಲಾಸಿನ ಹೊತ್ತಿಗೆ ಮತ್ತೊಂದು. ಡಿಪ್ಲೊಮಾ ಹೇಗೋ ಮುಗಿಸಿದ. ಅಷ್ಟರಲ್ಲಿ ಊರಿಗೆ ಫ್ಲೆಕ್ಸ್ ಬಂತು. ಕೈಯಲ್ಲಿ ಬೋರ್ಡು ಬರೆಸುವವರು ಒಬ್ಬೊಬ್ಬರಾಗಿ ಇಲ್ಲವಾದರು. ಮೌನೇಶ ಕೋಣನಕುಂಟೆಯ ಒಂದು ಫ್ಲೆಕ್ಸ್ ಅಂಗಡಿಗೆ ಕಂಪ್ಯೂಟರ್ ಕಲಿತು ಸೇರಿಕೊಂಡ. ವಿಜಯಲಕ್ಷ್ಮಿಯನ್ನು ಮದುವೆಯಾದ. ಹುಟ್ಟುಹಬ್ಬದ ಬ್ಯಾನರಿನಲ್ಲಿ ಪುಢಾರಿಗಳ ಮುಖ ಬೆಳ್ಳಗೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಅಂತ ಹೆಸರಾಯಿತು. ನಾನು ಜೆ.ಪಿ. ನಗರದ ಒಂದು ಶಾಲೆಗೆ ಡ್ರಾಯಿಂಗ್ ಮೇಷ್ಟ್ರಾದೆ. ಮಧ್ಯಾಹ್ನ ಮೂರೂವರೆಗೆ ಮನೆ, ಬೇಸಿಗೆ ರಜೆ, ದಸರಾ ರಜೆ. ನನ್ನಂಥ ಸಾಧಾರಣ ಕೈಗೂ ಬರೆಯಲು ಪುರುಸೊತ್ತು ಧಾರಾಳವಾಗಿ ಸಿಕ್ಕಿತು.

೨೦೦೬ರಲ್ಲಿ ಪೇಪರಿನಲ್ಲಿ ಒಂದು ಪ್ರಕಟಣೆ ಕಂಡಿತು. ಒಂದು ವರ್ಷದ ಧನಸಹಾಯ, ವಯೋಮಿತಿ ಇಲ್ಲ. ಏಳು ವರ್ಷದಿಂದ ಹೊತ್ತಿದ್ದ ಭಾರ ಇಳಿಸಲು ಜಾಗ ಸಿಕ್ಕಿತು ಅಂದುಕೊಂಡು ಅದೇ ದಿನ ಸ್ಕೂಟರಿನಲ್ಲಿ ಕೋಣನಕುಂಟೆಗೆ ಹೋದೆ.

"ನೋಡೋ, ವಯಸ್ಸು ಯಾರೂ ಕೇಳಲ್ಲ ಈ ಸಲ! ಫಾರ್ಮ್ ನಾನೇ ತಂದಿದೀನಿ. ಫೋಟೋ ಖರ್ಚೂ ನಂದೇ."

ಮೌನೇಶ ಮಷೀನ್ ನಿಲ್ಲಿಸಿ, ಕೈ ಒರೆಸಿಕೊಂಡು, ಕಾಗದ ತೆಗೆದುಕೊಂಡ. ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿದ. ನಾನು ಮೊದಲ ಸಾಲು ಓದಿಯೇ ಓಡಿ ಬಂದಿದ್ದೆ. ಅವನು ಬೆರಳಿಟ್ಟು ತೋರಿಸಿದ್ದು ಏಳನೆಯ ನಿಯಮವನ್ನು: ಕಳೆದ ಎರಡು ವರ್ಷಗಳಲ್ಲಿ ರಚಿಸಿದ ಹತ್ತು ಕೃತಿಗಳ ಛಾಯಾಚಿತ್ರ.

"ಈ ಎರಡು ವರ್ಷದಾಗ ನಂದು ಒಂದೂ ಇಲ್ಲ, ಪ್ರಸನ್ನ" ಅಂದ.

"ಹಳೇ ಶಟರ್ ಚಿತ್ರಗಳ ಮೇಲೆ ಹೊಸ ವರ್ಷ ಬರ್ದ್ರೆ ಯಾರಿಗ್ ಗೊತ್ತಾಗತ್ತೆ?" ಅಂದೆ ನಾನು. ಅಂದಮೇಲೆ ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಯಿತು.

ಅವನು ಸಿಟ್ಟಾಗಲಿಲ್ಲ. ಕಾಗದವನ್ನು ಮಡಿಸಿ ನನ್ನ ಜೇಬಿಗೇ ಇಟ್ಟ. "ನಿನ್ನವು ಅದಾವಲ್ಲ. ನೀ ಹಾಕು" ಅಂದು ಮತ್ತೆ ಮಷೀನ್ ಕಡೆ ಹೋದ.

ನಾನು ಹಾಕಿದೆ. ನನಗೆ ಸಿಕ್ಕಿತು. ಹೇಳಲು ಮುಖವಿಲ್ಲದೆ ಸುಮ್ಮನಿದ್ದೆ. ಪೇಪರಿನಲ್ಲಿ ಹೆಸರು ನೋಡಿ ಅವನೇ ಫೋನ್ ಮಾಡಿದ. ಹಿಂದೆ ಮಷೀನಿನ ಸದ್ದು, ಅದರ ಮೇಲೆ ಅವನ ದೊಡ್ಡ ದನಿ, "ವಿಜಯಲಕ್ಷ್ಮಿ, ನಮ್ಮ ಪ್ರಸನ್ನಗ ಬಂತು ನೋಡು" ಅಂತ ಹೆಂಡತಿಗೆ ಕೂಗಿ ಹೇಳುತ್ತಿದ್ದ. ಆ ದನಿಯಲ್ಲಿ ಎಳ್ಳಷ್ಟೂ ಹೊಟ್ಟೆಕಿಚ್ಚಿರಲಿಲ್ಲ. ಒಂದು ಚೂರಾದರೂ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.